ಬುರುಗವ್ವನ ಮೈಮೇಲಿನ ಬಳೆಗುರುತು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಾಳಿಗೂ ಮಾತು ಬರುತ್ತಿತ್ತು. ಆಗ ಒಡೆದ ಅತ್ತಿಹಣ್ಣೊಂದರ ರಸದಲ್ಲಿ ಬುರುಗವ್ವ ಇದ್ದಳು. ಮೊದಲ ಯೀಸ್ಟ್ ಅವಳೇ. ಕಣ್ಣಿಗೆ ಕಾಣದಷ್ಟು ಚಿಕ್ಕವಳು, ಹಟ ಮಾತ್ರ ಬೆಟ್ಟದಷ್ಟು!

ಯೀಸ್ಟಿನ ಮಗು ಹೊಟ್ಟೆಯೊಳಗೆ ಬೆಳೆಯುವುದಿಲ್ಲ, ಅಮ್ಮನ ಮೈಮೇಲೆಯೇ ಮೊಗ್ಗಿನ ಹಾಗೆ ಉಬ್ಬುತ್ತದೆ. ಬುರುಗವ್ವನಿಗೆ ಮೊದಲ ಮೊಗ್ಗು ಉಬ್ಬಿದ್ದೇ ತಡ, ಅವಳ ಮೈಯೊಳಗೆ ದುಡಿಯುವ ಪ್ರೋಟೀನುಗಳಲ್ಲಿ ಸೆಪ್ಟಿನ್ ಎಂಬ ಬಳೆಗಾರರು ಓಡಿ ಬಂದರು.

"ತಾಯೀ, ಬಸುರಿಗೆ ಬಳೆ ತೊಡಿಸಬೇಕು. ನಿನಗೆ ಕೈಯಿಲ್ಲ. ನೀನೂ ಮಗುವೂ ಸೇರುವ ಕುತ್ತಿಗೆಗೇ ತೊಡಿಸ್ತೀವಿ" ಎಂದ ಹಿರಿಯ ಬಳೆಗಾರ.

"ಕುತ್ತಿಗೆಗಾ? ನಿಮ್ಮ ಬಾಯಿಗೆ ಮಣ್ಣು ಬೀಳ! ನನ್ನ ಕೂಸಿನ ಉಸಿರು ಕಟ್ಟಿಸ್ತೀರಾ? ನಡೀರಿ ಆಚೆ!" ಬುರುಗವ್ವ ಅವರನ್ನು ಅಟ್ಟಿಬಿಟ್ಟಳು.

ಬಳೆಯಿಲ್ಲದ ಕುತ್ತಿಗೆಗೆ ಕಾವಲೇ ಇರಲಿಲ್ಲ. ಅಮ್ಮನ ಮೈಯ ಕೊಳೆ, ಮುಪ್ಪು, ಎಲ್ಲವೂ ಮಗುವಿನೊಳಗೆ ಹರಿಯಿತು. ಮಗು ಹುಟ್ಟುತ್ತಲೇ ಮುದುಕಿ. "ಅವ್ವಾ, ಸುಸ್ತು" ಎಂದಿತು. ಆಡಿದ್ದು ಅದೊಂದೇ ಮಾತು. ಸಂಜೆಯೊಳಗೆ ಸತ್ತುಹೋಯಿತು.

ಎರಡನೆಯದೂ "ಸುಸ್ತು" ಎಂದಿತು, ಸತ್ತಿತು. ಮೂರನೆಯದೂ ಹಾಗೆಯೇ. ಅಯ್ಯೋ, ಆ ತಾಯಿಯ ಸಂಕಟ ಯಾರಿಗೂ ಬೇಡ.

"ಹೀಗೇ ಆದರೆ ನಿನ್ನ ವಂಶ ಈ ಹಣ್ಣಿನಲ್ಲೇ ಮುಗೀತು ಕಣವ್ವ" ಎಂದಿತು ಗಾಳಿ.

ನಾಲ್ಕನೆಯ ಮೊಗ್ಗು ಉಬ್ಬಿದಾಗ ಬುರುಗವ್ವ ತಾನಾಗಿ ಬಳೆಗಾರರನ್ನು ಕರೆದಳು. ಹಿರಿಯ ಬಳೆಗಾರ ತಲೆ ತಗ್ಗಿಸಿ ನಿಂತ.

"ಬಳೆ ತೊಟ್ಟರೆ ಮುಪ್ಪು ಮಗುವಿಗೆ ದಾಟೋದಿಲ್ಲ ತಾಯಿ. ಆದರೆ ಅಷ್ಟೂ ನಿನ್ನಲ್ಲೇ ಉಳಿಯುತ್ತೆ. ಬಳೆ ಕೂತ ಜಾಗದಲ್ಲಿ ಗಾಯದ ಗುರುತು ನಿಲ್ಲುತ್ತೆ. ಅಲ್ಲಿ ಇನ್ನೊಂದು ಮೊಗ್ಗು ಬಿಡೋದಿಲ್ಲ. ಒಂದು ದಿನ ನೀನು..."

"ಸಾಯ್ತೀನಿ ಅಂತ ತಾನೆ? ಅಷ್ಟು ಹೇಳೋಕೆ ಯಾಕಪ್ಪ ತಡವರಿಸ್ತೀಯ? ತೊಡಿಸು!"

ಬಳೆಗಾರರು ಒಬ್ಬರ ಕೈ ಒಬ್ಬರು ಹಿಡಿದು ಕುತ್ತಿಗೆಯ ಸುತ್ತ ನಿಂತರು. ಅವರೇ ಬಳೆಯಾದರು. ಮಗು ದುಂಡಗೆ ಬೆಳೆಯಿತು. ಆಮೇಲೆ ಬಳೆ ಸೀಳಿ ಎರಡು ಬಳೆಯಾಯಿತು, ಅಮ್ಮನ ಕಡೆ ಒಂದು, ಮಗುವಿನ ಕಡೆ ಒಂದು. ನಡುವೆ ಬೇರೆ ಪ್ರೋಟೀನುಗಳು ಹಗ್ಗ ಸುತ್ತಿ ಬಿಗಿದವು. ಬುರುಗವ್ವ ನೋವಿಗೆ ಚೀರಿದಳು. ಮಗು ಕಳಚಿ ರಸಕ್ಕೆ ಬಿತ್ತು.

"ಅವ್ವಾ, ಹಸಿವು!" ಎಂದಿತು.

ಬುರುಗವ್ವ ಅಳುತ್ತಲೇ ನಕ್ಕಳು.

ಮಕ್ಕಳ ಮೇಲೆ ಮಕ್ಕಳಾದರು. ಬಳೆಯ ಮೇಲೆ ಬಳೆ, ಗಾಯದ ಪಕ್ಕದಲ್ಲಿ ಗಾಯ. ಇಪ್ಪತ್ತೈದನೆಯ ಮಗಳು ಕಳಚಿಕೊಂಡಾಗ ಬುರುಗವ್ವನಿಗೆ ಮಿಸುಕಲೂ ಆಗಲಿಲ್ಲ.

"ಅವ್ವಾ, ನಿನ್ನ ಮುಪ್ಪು ನನಗೂ ಸ್ವಲ್ಪ ಕೊಡೇ" ಎಂದು ಮಗಳು ಅತ್ತಳು.

"ಬಾಯಿ ಮುಚ್ಚು. ಅದನ್ನು ಕೊಡಬಾರದು ಅಂತಲೇ ಇಷ್ಟು ಬಳೆ ತೊಟ್ಟೆ. ಹೋಗು, ಹೊಟ್ಟೆ ತುಂಬ ಉಣ್ಣು." ಅಷ್ಟು ಹೇಳಿ ಬುರುಗವ್ವ ಕಣ್ಣು ಮುಚ್ಚಿದಳು.

ಬನ್ನಿನ ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬಂದಿದೆಯಲ್ಲ, ನೋಡು ಮಗು, ಹಿಟ್ಟಿನ ಸಿಹಿ ಉಂಡು ಗಾಳಿ ಬಿಟ್ಟು ಹಾಗೆ ಉಬ್ಬಿಸುತ್ತಿರುವುದು ಹಸಿದ ಆ ಹೆಣ್ಣುಮಕ್ಕಳ ಮಕ್ಕಳೇ. ಅವರಲ್ಲಿ ತಾಯಿ ಯಾರು, ಎಷ್ಟು ಹೆತ್ತಿದ್ದಾಳೆ ಎಂದು ತಿಳಿಯಬೇಕಾದರೆ ಇವತ್ತಿಗೂ ಮೈಮೇಲಿನ ಬಳೆಗುರುತನ್ನೇ ಎಣಿಸಬೇಕು.