ಕಜ್ಜಾಯದ ಚೌಡಪ್ಪನೂ ಗರಡಿಯ ಕಿರುಬಾಗಿಲೂ

ಕಾಲು ಮಡಚಿ ಕುಳಿತುಕೊಳ್ಳಿ, ಮಕ್ಕಳೇ. ಕಿವಿ ಇತ್ತ ಕೊಡಿ. ಕುಳಿತುಕೊಳ್ಳಲಾರದೆ ಹೋದವನೊಬ್ಬನ ಕಥೆ ಇದು.

ಒಂದು ಊರು. ಆ ಊರಿನಲ್ಲಿ ಚೌಡಪ್ಪನೆಂಬವನು ಕಜ್ಜಾಯ ಕರಿಯುತ್ತಿದ್ದನು. ಕುಳಿತು ಕರಿಯುವನು. ಕುಳಿತು ಮಾರುವನು. ಕುಳಿತು ತಿನ್ನುವನು. ಹತ್ತು ಕರಿದರೆ ಒಂಬತ್ತು ಊರಿಗೆ, ಒಂದು ಅವನ ಬಾಯಿಗೆ. ದಿನಕ್ಕೆ ಇನ್ನೂರು ಕಜ್ಜಾಯ ಕರಿಯುತ್ತಿದ್ದನು. ಬಾಯಿಗೆ ಎಷ್ಟು ಹೋಯಿತು? ನೀವೇ ಎಣಿಸಿ. ಅವನ ಹೊಟ್ಟೆ ಗುಡಾಣದಂತೆ ಆಗಿತ್ತು.

ಚೌಡಪ್ಪನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದುದು ಒಂದು ಆಡಿನ ಮರಿ. ತುಂಬೆಹೂವಿನಷ್ಟು ಬಿಳಿ. ಹೆಸರೂ ತುಂಬೆ. ಅವನು ಕರಿಯುವಾಗ ತುಂಬೆ ಅವನ ಮಡಿಲಲ್ಲಿ ಮಲಗುವುದು.

ಒಂದು ಹುಣ್ಣಿಮೆಯ ಬೆಳಿಗ್ಗೆ ತುಂಬೆ ಮಡಿಲಿನಿಂದ ಚಂಗನೆ ನೆಗೆಯಿತು. ಬೀದಿ ದಾಟಿತು. ಗರಡಿಮನೆಯ ಬಾಗಿಲಲ್ಲಿ ನುಗ್ಗಿ ಮಾಯವಾಯಿತು.

ಗರಡಿಮನೆಯೆಂದರೆ ಪೈಲ್ವಾನರು ಕುಸ್ತಿ ಕಲಿಯುವ ಮನೆ. ಅದರ ಬಾಗಿಲು ಗಿಡ್ಡ. ಅದರ ಬಾಗಿಲು ಕಿರಿದು. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣು ಹದ ಮಾಡಿದ ಮಟ್ಟಿ. ಕುಸ್ತಿ ನಡೆಯುವುದು ಅದರಲ್ಲಿ.

ಚೌಡಪ್ಪನು ಓಡಿಬಂದನು. ಬಾಗಿಲಲ್ಲಿ ನುಗ್ಗಿದನು. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆ ಹೋಗಲಿಲ್ಲ.

ಒಳಗೆ ಉಸ್ತಾದ್ ಕಾಳಪ್ಪನವರು ಗದೆ ತಿರುವುತ್ತಿದ್ದರು. ಅವರೇ ಗರಡಿಯ ಗುರುಗಳು.

"ಯಾರಯ್ಯಾ ಅದು? ಬಾಗಿಲಿಗೆ ಬೆಣೆ ಹೊಡೆದ ಹಾಗೆ ನಿಂತಿದ್ದೀಯಲ್ಲ! ಬೆಳಕು ಬಿಡು!"

"ಉಸ್ತಾದರೇ, ನನ್ನ ಮರಿ ಒಳಗೆ ಬಂದಿದೆ. ಎತ್ತಿ ಕೊಡಿ."

"ಆಗದು. ತಾನಾಗಿ ಗರಡಿಗೆ ಬಂದ ಜೀವವನ್ನು ನಾವು ಹೊರಗೆ ಹಾಕುವುದಿಲ್ಲ. ಒಡೆಯನೇ ಒಳಗೆ ಬರಬೇಕು, ಕರೆದೊಯ್ಯಬೇಕು. ಬರುವ ಹುಣ್ಣಿಮೆಯವರೆಗೆ ಕಾಯುತ್ತೇವೆ. ಬರದಿದ್ದರೆ ಮರಿ ಗರಡಿಯದು."

"ನಾನು ಹೇಗೆ ಬರಲಿ?"

"ಮೈ ಇಳಿಸಿ ಬಾ."

ಚೌಡಪ್ಪನು ಮೈ ಇಳಿಸಿದನು. ಮಂಡಿ ಊರಿದನು. ಮೊಣಕೈ ಊರಿದನು. ಆಮೆಯಂತೆ ತೆವಳಿದನು. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆ ಹೋಗಲಿಲ್ಲ.

ಪೈಲ್ವಾನರು ಬಿದ್ದು ಬಿದ್ದು ನಕ್ಕರು. "ಬಗ್ಗುವುದಲ್ಲ ಕಣಯ್ಯಾ, ಇಳಿಸುವುದು! ಮೈ ಕರಗಿಸುವುದು! ದಂಡ ಹೊಡಿ. ಬಸ್ಕಿ ಹೊಡಿ. ಗದೆ ತಿರುವು."

"ಎಲ್ಲಿ?"

"ಇಲ್ಲಿ. ಗರಡಿಯೊಳಗೆ."

"ಒಳಗೆ ಬರಲು ಮೈ ಇಳಿಸಬೇಕು. ಮೈ ಇಳಿಸಲು ಒಳಗೆ ಬರಬೇಕು. ಚೆನ್ನಾಗಿದೆ ನಿಮ್ಮ ಗರಡಿ! ನಾನು ಇಳಿಯುವುದಿಲ್ಲ. ನಿಮ್ಮ ಬಾಗಿಲನ್ನೇ ಅಗಲ ಮಾಡಿಸುತ್ತೇನೆ!"

"ಮಾಡಿಸಿಕೋ ಹೋಗು," ಎಂದು ಉಸ್ತಾದರು ನಕ್ಕರು. "ಹುಣ್ಣಿಮೆ ಮಾತ್ರ ಮರೆಯಬೇಡ."

ಒಳಗಿನಿಂದ ತುಂಬೆ "ಮೇ" ಎಂದಿತು.

ಚೌಡಪ್ಪನಿಗೆ ಕುಳಿತರೆ ತುಂಬೆಯ ನೆನಪು. ನಿಂತರೆ ತುಂಬೆಯ ನೆನಪು. ಒಲೆಯ ಮೇಲೆ ಬಾಣಲೆ ಇಟ್ಟನು. ಕಜ್ಜಾಯ ಸೀದುಹೋಯಿತು. ಒಲೆ ಆರಿಸಿದನು. ಎದ್ದನು. ನಡೆದನು.

ದಡಬಡ, ದಡಬಡ, ದಡಬಡ. ಹತ್ತು ಹೆಜ್ಜೆಗೊಮ್ಮೆ ಉಸ್ಸಪ್ಪಾ!

ಮೂಡಲ ಬೀದಿಯ ಕೊನೆಯಲ್ಲಿ ಬಡಗಿ ನಂಜುಂಡಾಚಾರಿಯ ಮನೆ.

"ಆಚಾರ್ರೇ, ಆಚಾರ್ರೇ, ಗರಡಿಯ ಬಾಗಿಲು ಅಗಲ ಮಾಡಿಕೊಡಿ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ."

"ಮಾಡುತ್ತಿದ್ದೆ ಚೌಡಪ್ಪ. ಆದರೆ ನನ್ನ ಉಳಿ ಮೊಂಡಾಗಿದೆ. ಬೆಣ್ಣೆಯನ್ನೂ ಕೊಯ್ಯದು. ಕಮ್ಮಾರನಿಂದ ಹರಿತ ಮಾಡಿಸಿಕೊಂಡು ಬಾ. ಸ್ವಲ್ಪ ಕುಳಿತು ಹೋಗು."

"ಕೂರಲು ಹೊತ್ತಿಲ್ಲ, ಆಚಾರ್ರೇ!"

ಆ ದಿನ ಅಷ್ಟೇ ನಡೆಯಲಾಯಿತು. ಮಂಡಿ ನೋಯಿತು, ಮೀನಖಂಡ ನೋಯಿತು. ಮರುದಿನವೂ ನೋಯಿತು. ಆದರೆ ಗರಡಿಯೊಳಗೆ ತುಂಬೆ "ಮೇ" ಎಂದಿತು. ಚೌಡಪ್ಪನು ಎದ್ದನು. ನಡೆದನು.

ದಡಬಡ, ದಡಬಡ, ದಡಬಡ. ನೂರು ಹೆಜ್ಜೆಗೊಮ್ಮೆ ಉಸ್ಸಪ್ಪಾ!

ಪಡುವಲ ಬೀದಿಯ ಕೊನೆಯಲ್ಲಿ ಕಮ್ಮಾರ ಮುನಿಯಣ್ಣನ ಕುಲುಮೆ.

"ಮುನಿಯಣ್ಣಾ, ಮುನಿಯಣ್ಣಾ, ಉಳಿ ಹರಿತ ಮಾಡು. ಉಳಿ ಹರಿತವಾದರೆ ಬಾಗಿಲು ಅಗಲ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ."

"ಮಾಡುತ್ತಿದ್ದೆ ಕಣೋ. ಆದರೆ ಕುಲುಮೆ ತಣ್ಣಗಾಗಿದೆ. ತಿದಿ ಒತ್ತಿದರೆ ಬರೀ ಬೂದಿ ಹಾರುತ್ತದೆ. ಇದ್ದಿಲು ತಾ. ಕುಳಿತು ಮಜ್ಜಿಗೆ ಕುಡಿ."

"ಮಜ್ಜಿಗೆ ಕೊಡು, ಕುಡಿಯುತ್ತೇನೆ. ಕೂರಲು ಹೊತ್ತಿಲ್ಲ!"

ಆಕಾಶದಲ್ಲಿ ಚಂದ್ರನು ಸವೆಯತೊಡಗಿದ್ದನು. ಚೌಡಪ್ಪನು ನಡೆದನು.

ದಬದಬ, ದಬದಬ, ದಬದಬ. ಬೀದಿಗೊಮ್ಮೆ ಉಸ್ಸಪ್ಪಾ!

ಹೊಳೆಯ ಆಚೆ ಇದ್ದಿಲು ಸುಡುವ ಸಾಕವ್ವನ ಗುಡಿಸಲು.

"ಸಾಕವ್ವಾ, ಸಾಕವ್ವಾ, ಇದ್ದಿಲು ಕೊಡು. ಇದ್ದಿಲು ಸಿಕ್ಕರೆ ಉಳಿ ಹರಿತ. ಉಳಿ ಹರಿತವಾದರೆ ಬಾಗಿಲು ಅಗಲ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ."

"ಇದ್ದಿಲು ರಾಶಿ ಬಿದ್ದಿದೆ, ಮಗಾ. ತುಂಬಲು ಬುಟ್ಟಿಯಿಲ್ಲ. ಇದ್ದ ಬುಟ್ಟಿಯ ತಳ ಕಿತ್ತುಹೋಯಿತು. ಪಂಚೆಯಲ್ಲಿ ಕಟ್ಟಿಕೊಳ್ಳುತ್ತೀಯೋ? ಊರವರೆಲ್ಲ ನಗುತ್ತಾರೆ. ಬುಟ್ಟಿ ತಾ. ಕೂತುಕೋ, ಸೌತೆಕಾಯಿ ತಿನ್ನು."

"ಸೌತೆಕಾಯಿ ಕೊಡವ್ವ, ದಾರಿಯಲ್ಲಿ ತಿನ್ನುತ್ತೇನೆ. ಕೂರಲು ಹೊತ್ತಿಲ್ಲ!"

ಚಂದ್ರನು ಅರ್ಧವಾದನು. ಗರಡಿಯಲ್ಲಿ ತುಂಬೆ ಏನು ಮಾಡುತ್ತಿದೆಯೋ? ನೆನೆದ ಕಡಲೆ ಕೊಟ್ಟರೋ ಇಲ್ಲವೋ? ಪೈಲ್ವಾನರ ಕಾಲಿಗೆ ಸಿಕ್ಕಿತೋ ಏನೋ? ಚೌಡಪ್ಪನಿಗೆ ನಿಲ್ಲಲಾಗದು, ಕೂರಲಾಗದು. ನಡೆದನು.

ಟಪಟಪ, ಟಪಟಪ, ಟಪಟಪ. ಮತ್ತೆ ಹೊಳೆ ದಾಟುವಾಗ ಒಂದೇ ಒಂದು ಉಸ್ಸಪ್ಪಾ!

ಗುಡ್ಡದ ದಾರಿಯಲ್ಲಿ ಬುಟ್ಟಿ ಹೆಣೆಯುವ ಮೇದರ ತಂಗವ್ವನ ಮನೆ.

"ತಂಗವ್ವಾ, ತಂಗವ್ವಾ, ಬುಟ್ಟಿ ಕೊಡು. ಬುಟ್ಟಿ ಸಿಕ್ಕರೆ ಇದ್ದಿಲು. ಇದ್ದಿಲು ಸಿಕ್ಕರೆ ಉಳಿ ಹರಿತ. ಉಳಿ ಹರಿತವಾದರೆ ಬಾಗಿಲು ಅಗಲ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ."

"ಅಯ್ಯೋ ಅಣ್ಣಾ, ಮನೆಯಲ್ಲಿ ಒಂದು ಬಿದಿರ ಸೀಳೂ ಇಲ್ಲ. ಗಾಳಿಯಲ್ಲಿ ಬುಟ್ಟಿ ಹೆಣೆಯಲೇ? ಬಿದಿರು ತಾ. ಕುಳಿತು ಒಂದು ಮುದ್ದೆ ಉಣ್ಣು. ಸೊಪ್ಪಿನ ಸಾರಿದೆ."

ಮುದ್ದೆಗೆ ಮಾತ್ರ ಚೌಡಪ್ಪನು ಕುಕ್ಕುರುಗಾಲಲ್ಲಿ ಕುಳಿತನು. ಅದು ಕುಳಿತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಉಂಡನು. ಎದ್ದನು. ಗುಡ್ಡ ಹತ್ತಿದನು.

ಗುಡ್ಡದ ನೆತ್ತಿಯಲ್ಲಿ ಬಿದಿರ ಮೆಳೆ.

"ಬಿದಿರೇ, ಬಿದಿರೇ, ಒಂದು ಗಳ ಕೊಡು. ಬಿದಿರು ಸಿಕ್ಕರೆ ಬುಟ್ಟಿ. ಬುಟ್ಟಿ ಸಿಕ್ಕರೆ ಇದ್ದಿಲು. ಇದ್ದಿಲು ಸಿಕ್ಕರೆ ಉಳಿ ಹರಿತ. ಉಳಿ ಹರಿತವಾದರೆ ಬಾಗಿಲು ಅಗಲ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ."

ಬಿದಿರು ಕಟಕಟ ಎಂದಿತು. "ನನಗೆ ಬಾಯಾರಿದೆ. ಒಣಬಿದಿರನ್ನು ಸೀಳಿದರೆ ಮುರಿಯುವುದು. ಇಪ್ಪತ್ತೊಂದು ಕೊಡ ನೀರು ತಾ. ಹಸಿ ಗಳ ಕೊಡುವೆ."

ಅಂದು ಅಮಾವಾಸ್ಯೆ. ಚಂದ್ರನೇ ಇಲ್ಲ. ಚೌಡಪ್ಪನು ಗುಡ್ಡ ಇಳಿದನು.

ಗುಡ್ಡದ ಬುಡದಲ್ಲಿ ಬಾವಿ.

"ಬಾವಿಯೇ, ಬಾವಿಯೇ, ನೀರು ಕೊಡು. ನೀರು ಸಿಕ್ಕರೆ ಬಿದಿರು. ಬಿದಿರು ಸಿಕ್ಕರೆ ಬುಟ್ಟಿ. ಬುಟ್ಟಿ ಸಿಕ್ಕರೆ ಇದ್ದಿಲು. ಇದ್ದಿಲು ಸಿಕ್ಕರೆ ಉಳಿ ಹರಿತ. ಉಳಿ ಹರಿತವಾದರೆ ಬಾಗಿಲು ಅಗಲ. ಬಾಗಿಲು ಅಗಲವಾದರೆ ನಾನು ಒಳಗೆ. ನಾನು ಒಳಗಾದರೆ ತುಂಬೆ ಹೊರಗೆ. ಹೇಳು, ನಿನಗೆ ಏನು ಬೇಕು? ಇನ್ನು ಯಾರನ್ನು ಕೇಳಲಿ?"

ಬಾವಿಯು ಆಳದಿಂದ ನುಡಿಯಿತು. "ನನಗೆ ಏನೂ ಬೇಡ. ಯಾರನ್ನೂ ಕೇಳಬೇಡ. ಹಗ್ಗ ಅಲ್ಲಿದೆ. ಕೊಡ ಇಲ್ಲಿದೆ. ಸೇದಿದವರಿಗೆ ನೀರು."

ಚೌಡಪ್ಪನು ಸೇದಿದನು.

ಮೊದಲನೆಯ ದಿನ ಒಂದೇ ಕೊಡ. ಗುಡ್ಡ ಹತ್ತುವಷ್ಟರಲ್ಲಿ ಕಾಲು ನಡುಗಿತು. "ಇನ್ನೂ ಇಪ್ಪತ್ತು ಬಾಕಿ!" ಎಂದು ಅವನ ಕಣ್ಣು ತುಂಬಿತು.

ಎರಡನೆಯ ದಿನ ಎರಡು ಕೊಡ. ಮೂರನೆಯ ದಿನ ಮೂರು ಕೊಡ. ನಾಲ್ಕನೆಯ ದಿನ ನಾಲ್ಕು ಕೊಡ. ಐದನೆಯ ದಿನ ಐದು ಕೊಡ. ಆರನೆಯ ದಿನ ಆರು ಕೊಡ.

ಎಣಿಸಿದಿರಾ? ಇಪ್ಪತ್ತೊಂದು!

ಚಂದ್ರನು ಮತ್ತೆ ಅರ್ಧವಾದನು. ಈಗ ತುಂಬುತ್ತಿದ್ದಾನೆ. ಬೇಗ, ಚೌಡಪ್ಪ, ಬೇಗ!

ಬಾವಿ ನೀರು ಕೊಟ್ಟಿತು. ನೀರು ಕುಡಿದು ಬಿದಿರು ಗಳ ಕೊಟ್ಟಿತು. ಗಳ ಸೀಳಿ ತಂಗವ್ವನು ಬುಟ್ಟಿ ಹೆಣೆದಳು. ಎರಡು ದಿನ ಹೆಣೆದಳು. ಚೌಡಪ್ಪನು ಅಂಗಳದಲ್ಲಿ ಅತ್ತ ನಡೆದನು, ಇತ್ತ ನಡೆದನು.

"ಅಣ್ಣಾ, ನೀನು ಹೀಗೆ ತಿರುಗಿದರೆ ನನ್ನ ಹೆಣಿಗೆ ತಪ್ಪುತ್ತದೆ! ದೂರ ಹೋಗಿ ತಿರುಗು!"

ಬುಟ್ಟಿ ಹಿಡಿದು ಸಾಕವ್ವನ ಬಳಿಗೆ ನಡೆದನು. ಸರಸರ, ಸರಸರ, ಸರಸರ. ಉಸ್ಸಪ್ಪಾ ಎಲ್ಲಿ ಹೋಯಿತೋ ಅವನಿಗೇ ತಿಳಿಯದು. ಪಂಚೆ ಜಾರಿತು. ಬಿಗಿದು ಕಟ್ಟಿದನು. ಮತ್ತೆ ಜಾರಿತು. ಮತ್ತೆ ಬಿಗಿದನು.

"ಯಾರಪ್ಪಾ ನೀನು?" ಎಂದಳು ಸಾಕವ್ವ. "ಚೌಡಪ್ಪನ ತಮ್ಮನೇನು?"

"ಚೌಡಪ್ಪನೇ ಕಣವ್ವ! ಬೇಗ ತುಂಬು!"

ಬುಟ್ಟಿ ಪಡೆದು ಸಾಕವ್ವನು ಇದ್ದಿಲು ಕೊಟ್ಟಳು. ಇದ್ದಿಲು ಪಡೆದು ಮುನಿಯಣ್ಣನು ಉಳಿ ಹರಿತ ಮಾಡಿದನು. ಹರಿತವಾದ ಉಳಿ ಪಡೆದು ನಂಜುಂಡಾಚಾರಿಯು ಗರಡಿಗೆ ಬಂದನು.

ಅಂದು ಹುಣ್ಣಿಮೆ. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು.

"ಹೊಡೆಯಿರಿ ಆಚಾರ್ರೇ, ಹೊಡೆಯಿರಿ!"

"ತಡಿ ಮಾರಾಯ. ಅಳತೆಯಿಲ್ಲದೆ ಉಳಿ ಇಡಲಾರೆ." ಆಚಾರಿಯು ಬಾಗಿಲಿಗೆ ಅಡ್ಡ ದಾರ ಹಿಡಿದನು. ಅದೇ ದಾರವನ್ನು ಚೌಡಪ್ಪನ ಮೈಗೆ ಅಡ್ಡ ಹಿಡಿದನು. ದಾರ ನಾಲ್ಕು ಬೆರಳು ಉಳಿಯಿತು. ಮತ್ತೊಮ್ಮೆ ಹಿಡಿದನು. ಆಗಲೂ ನಾಲ್ಕು ಬೆರಳು ಉಳಿಯಿತು.

"ಏನಯ್ಯಾ ಇದು? ಬಾಗಿಲು ನಿನಗಿಂತ ಅಗಲವಾಗಿದೆ! ಕೆತ್ತುವುದು ಏನನ್ನು, ನಿನ್ನ ತಲೆಯನ್ನೇ?"

ಚೌಡಪ್ಪನು ಉತ್ತರ ಕೊಡಲು ನಿಲ್ಲಲಿಲ್ಲ. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆಯೂ ಹೋಯಿತು!

ಉಸ್ತಾದರು ಗದೆ ಕೆಳಗಿಟ್ಟರು. "ಎಲ್ಲಿ ದಂಡ ಹೊಡೆದೆ ಚೌಡಪ್ಪ? ಎಲ್ಲಿ ಬಸ್ಕಿ ಹೊಡೆದೆ?"

"ಎಲ್ಲಿಯೂ ಇಲ್ಲ, ಉಸ್ತಾದರೇ. ಉಳಿ ಹರಿತ ಮಾಡಿಸಲು ಹೋಗಿದ್ದೆ. ನನ್ನ ಮರಿ ಎಲ್ಲಿ?"

ಮಟ್ಟಿಯ ಅಂಚಿನಲ್ಲಿ ತುಂಬೆ ನಿಂತಿತ್ತು.

"ತುಂಬೇ!" ಎಂದನು.

ತುಂಬೆ ಅವನನ್ನು ನೋಡಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಇವನು ಯಾರು? ಚೌಡಪ್ಪನಿಗೆ ದೊಡ್ಡ ಹೊಟ್ಟೆಯಿತ್ತು. ಇವನಿಗೆ ಇಲ್ಲ.

"ತುಂಬೇ, ನಾನು ಕಣೇ."

ದನಿ ಅವನದು. ಮೈ ಅವನದಲ್ಲ. ತುಂಬೆ ಇನ್ನೊಂದು ಹೆಜ್ಜೆ ಹಿಂದೆ ಸರಿಯಿತು. ಹೊರಗೆ ಬಿಸಿಲು ಕೆಂಪಾಯಿತು.

ಚೌಡಪ್ಪನ ಕಾಲು ಸೋತಿತು. ಒಂದು ತಿಂಗಳು ನಡೆದ ಕಾಲು. ಮಟ್ಟಿಯ ಕೆಮ್ಮಣ್ಣಿನಲ್ಲಿ ಅವನು ಧಡಕ್ಕನೆ ಕುಳಿತನು. ಚಕ್ಕಳಮಕ್ಕಳ ಹಾಕಿ, ಬಾಣಲೆಯ ಮುಂದೆ ಕೂರುವಂತೆಯೇ ಕುಳಿತನು.

ಆಗ ತುಂಬೆಗೆ ಮಡಿಲು ಕಂಡಿತು.

ಚಂಗನೆ ನೆಗೆಯಿತು. ಮಡಿಲಲ್ಲಿ ಬಿದ್ದಿತು. ಅತ್ತ ಹೊರಳಿತು, ಇತ್ತ ಹೊರಳಿತು. ಮೊದಲು ಆ ಮಡಿಲಿನಲ್ಲಿ ಅರ್ಧ ಜಾಗ ಹೊಟ್ಟೆಯದು, ಅರ್ಧ ಜಾಗ ತುಂಬೆಯದು. ಈಗ ಪೂರ್ತಿ ತುಂಬೆಯದು.

"ಮೇ," ಎಂದಿತು.

"ಏಳಯ್ಯಾ ಚೌಡಪ್ಪ, ಬಾಗಿಲು ಹಾಕಬೇಕು," ಎಂದರು ಉಸ್ತಾದರು.

"ಸ್ವಲ್ಪ ತಾಳಿ, ಉಸ್ತಾದರೇ. ಈಗ ತಾನೇ ಕುಳಿತಿದ್ದೇನೆ."

ಮರಿ ಮಡಿಲಿಗೆ ಬಂತು, ಕಥೆ ಕಿವಿಗೆ ಬಂತು. ಇನ್ನು ನೀವೂ ಏಳಬಹುದು.