ಟೊಮೆಟೊ ಮೇಲೆ ಬಂದ ಅಪವಾದ

ನಿವೃತ್ತ ತಹಸೀಲ್ದಾರ ಗುರುಪಾದಪ್ಪನವರು ಶೀತಕ್ಕೆ ಹೆದರಿ ದಿನಕ್ಕೆ ನಾಲ್ಕು ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರು. ಒಂದರಿಂದ ಒಳ್ಳೆಯದಾದರೆ ನಾಲ್ಕರಿಂದ ನಾಲ್ಕರಷ್ಟು ಒಳ್ಳೆಯದಾಗಬೇಕೆಂಬುದು ಅವರ ತರ್ಕ. ಶೀತ ಮಾತ್ರ ಬರುವುದು ಬಂದೇ ಬರುತ್ತಿತ್ತು. ಅರ್ಧ ದಿನ ಮುಂಚೆ ಹೋಗುತ್ತಿತ್ತು, ಅಷ್ಟೆ. ಎರಡನೆಯ ವರ್ಷ ಅವರ ಮೂತ್ರಪಿಂಡದಲ್ಲಿ ಕಲ್ಲಾಯಿತು. ಅದು ಇಳಿದಾಗ, ಡಾಕ್ಟರು ಹೇಳಿದಂತೆ ಚಹಾ ಸೋಸುವ ಜಾಲರಿಯಲ್ಲಿ ಹಿಡಿದು, ಪುಟ್ಟ ಸೀಸೆಗೆ ಹಾಕಿ, ಮೇಜಿನ ಮೇಲೆ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಇಟ್ಟರು.

ಡಬ್ಬಿ ಮುಖ ಸಿಂಡರಿಸಿತು. "ಎಲೈ ಕಸವೇ, ದೂರ ಸರಿ! ನಾನು ಈ ಮನೆಯ ಆರೋಗ್ಯರಕ್ಷಕ."

"ಬಲ್ಲೆ," ಎಂದಿತು ಸೀಸೆಯೊಳಗಿನ ಕಲ್ಲು. "ನೀವು ಕಳಿಸಿದ್ದರಲ್ಲಿ ದೇಹ ತನಗೆ ಬೇಕಾದಷ್ಟು ಇಟ್ಟುಕೊಂಡಿತು. ಉಳಿದದ್ದು ಬಚ್ಚಲು ಸೇರಿತು. ಬಚ್ಚಲಿಗೂ ಹೋಗದೆ ಒಳಗೇ ಗಟ್ಟಿಯಾದವನು ನಾನು, ಅಪ್ಪಾ."

"ನನ್ನ ಮಾತ್ರೆ ನುಂಗಿದವರಿಗೆಲ್ಲ ಕಲ್ಲಾಗಿದೆಯೇ?"

"ಎಲ್ಲರಿಗೂ ಆಗುವುದಿಲ್ಲ. ಇವರಿಗೆ ಆಯಿತು."

ಇನ್ನು ತನ್ನನ್ನು ತಿಪ್ಪೆಗೆ ಎಸೆಯುತ್ತಾರೆಂದು ಡಬ್ಬಿಗೆ ದಿಗಿಲಾಯಿತು. ಅಷ್ಟರಲ್ಲಿ ಗುರುಪಾದಪ್ಪನವರು ಬಂದು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದರು.

"ಲೇ ಇವಳೇ," ಎಂದು ಹೆಂಡತಿಯನ್ನು ಕೂಗಿದರು, "ಇವತ್ತಿನಿಂದ ಸಾರಿಗೆ ಟೊಮೆಟೊ ಹಾಕಬೇಡ. ಅದರ ಬೀಜವೇ ಹೀಗೆ ಕಲ್ಲಾಗಿ ಕೂತಿತ್ತು!"

ಬುಟ್ಟಿಯಲ್ಲಿದ್ದ ಟೊಮೆಟೊಗಳು ಬಾಯಿ ತೆರೆಯುವ ಮೊದಲೇ ಹಿತ್ತಲಿಗೆ ಬಿದ್ದವು. ಕಲ್ಲು ಇಳಿದ ಸುಸ್ತಿಗೆಂದು ಗುರುಪಾದಪ್ಪನವರು ಡಬ್ಬಿಯ ಮುಚ್ಚಳ ತೆಗೆದು ಎರಡು ಮಾತ್ರೆ ಹೆಚ್ಚಿಗೇ ಬಾಯಿಗೆ ಹಾಕಿಕೊಂಡರು.

ಕಲ್ಲು ಡಬ್ಬಿಯ ಕಡೆ ತಿರುಗಿ ಹೇಳಿತು: "ಅಪ್ಪಾ, ನನ್ನ ಸೀಸೆ ಬಿಸಾಡಲು ಬಿಡಬೇಡಿ. ತಮ್ಮನಿಗೆ ಬೇಕಾಗುತ್ತದೆ."