ಹಗ್ಗದ ಆ ತುದಿ

"ಸರ್, ಒಬ್ಬ ಮನುಷ್ಯ ತನಗೆ ತಾನೇ ಏನೋ ಮಾಡಿಕೊಂಡ ಅಂದಮೇಲೆ ವಾಕ್ಯ ಅಲ್ಲಿಗೆ ಮುಗಿಯಬೇಕಲ್ಲವೇ? ಇಂಗ್ಲಿಷಿನವರು ಅದಕ್ಕೊಂದು ಬಾಲ ಯಾಕೆ ಅಂಟಿಸುತ್ತಾರೆ?"

ಕೇಳಿದವನು ನಿಂಗರಾಜು. ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿ ಆರು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ದೊಡ್ಡಮಾದಯ್ಯ ಮೇಷ್ಟ್ರ ಜಗಲಿಗೆ ಬಂದು ವ್ಯಾಕರಣ ಹೇಳಿಸಿಕೊಳ್ಳುತ್ತಿದ್ದ. ಮೇಷ್ಟ್ರು ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸಿಡುಕು ಮಾತ್ರ ನಿವೃತ್ತವಾಗಿರಲಿಲ್ಲ.

ನಿಂಗರಾಜು ಬರೆದು ತಂದಿದ್ದ ಎಂಟು ವಾಕ್ಯಗಳೂ ಹಿಮ್‌ಸೆಲ್ಫ್ ಎಂಬಲ್ಲಿಗೆ ನಿಂತಿದ್ದವು. ಮೇಷ್ಟ್ರು ಎಂಟು ಕಡೆಯೂ ಪೂರ್ಣವಿರಾಮಕ್ಕೆ ಕೆಂಪು ಸುತ್ತು ಹಾಕಿದ್ದರು.

"ತನ್ನನ್ನು ತಾನು ಮುಡಿಪಾಗಿಟ್ಟುಕೊಂಡ ಅಂತ ಬರೆದಿದ್ದೀಯ. ಯಾವುದಕ್ಕೆ? ತನ್ನನ್ನು ತಾನು ಬೈದುಕೊಂಡ. ಯಾತಕ್ಕೆ? ಇಂಥ ಕ್ರಿಯಾಪದಗಳಿಗೆ ಹಿಮ್‌ಸೆಲ್ಫ್ ಆದಮೇಲೆ ಟು ಬರಬೇಕು, ಇಲ್ಲ ಫಾರ್ ಬರಬೇಕು, ಇಲ್ಲ ಆನ್ ಬರಬೇಕು. ಅದರ ಮುಂದೆ ಇನ್ನೊಂದು ಹೆಸರು ಬರಬೇಕು. ಇದನ್ನು ನಿನಗೆ ಎಷ್ಟು ಸಲ ಹೇಳಲಿ ಮಾರಾಯ?"

"ಅದೇ ಸರ್ ನನ್ನ ತಕರಾರು. ತನಗೆ ತಾನು ಮಾಡಿಕೊಂಡದ್ದು ಅವನ ಪಾಡು. ನಡುವೆ ಇನ್ನೊಬ್ಬರ ಹೆಸರು ಯಾಕೆ?"

"ಅವನ ಪಾಡು! ಎಷ್ಟು ಸಲೀಸಾಗಿ ಹೇಳಿಬಿಟ್ಟೆ!" ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ."

ಹೀಗೆಂದು ಹೇಳತೊಡಗಿದರು.

ಒಬ್ಬ ಜೇನು ಇಳಿಸುವವನಿದ್ದ. ಬೆಟ್ಟದ ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟುತ್ತದಲ್ಲ, ಅಲ್ಲಿಗೆ ಮೇಲಿನಿಂದ ಹಗ್ಗದಲ್ಲಿ ಇಳಿಯುವುದು ಅವನ ಕಸುಬು. ಹಗ್ಗದ ಒಂದು ತುದಿ ಇಳಿಯುವವನ ಸೊಂಟಕ್ಕೆ. ಇನ್ನೊಂದು ತುದಿಯನ್ನು ಮೇಲಿರುವವನು ಮರಕ್ಕೆ ಎರಡು ಸುತ್ತು ಸುತ್ತಿ, ಹಿಡಿದು ಕೂರಬೇಕು.

ಯಾರು ಹಿಡಿಯಬೇಕು ಎನ್ನುವುದಕ್ಕೆ ಅವರಲ್ಲಿ ಒಂದು ಕಟ್ಟಳೆ ಇತ್ತು. ಅಣ್ಣತಮ್ಮಂದಿರು ಕೂಡದು, ಗೆಳೆಯರು ಕೂಡದು. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಅಣ್ಣತಮ್ಮನಿಗೆ ಹೊಲದ ಮೇಲೆ ಕಣ್ಣಿರಬಹುದು. ಗೆಳೆಯ ಹುಳು ಕಡಿದರೆ ಬಿಟ್ಟು ಓಡಬಹುದು. ಬಾಮೈದ ಬಿಡುವುದಿಲ್ಲ. ಬಿಟ್ಟರೆ ಅಕ್ಕನ ತಾಳಿ ಹೋಗುತ್ತದೆ. ಹೆಂಗಸರು ಮಾತ್ರ ಆ ಬಂಡೆಯ ತಲೆಗೆ ಕಾಲಿಡುವಂತಿರಲಿಲ್ಲ.

ಈ ಜೇನಿನವನು ಕಸುಬಿನಲ್ಲಿ ಗಟ್ಟಿಗ. ಸೊಂಟದ ಗಂಟನ್ನು ತಾನೇ ಹಾಕಿಕೊಳ್ಳುತ್ತಿದ್ದ. ಬೇರೆಯವರು ಮುಟ್ಟಲು ಬಂದರೆ ಕೈ ತಳ್ಳುತ್ತಿದ್ದ. ಬಾಮೈದ ಏಳು ವರ್ಷ ಅವನಿಗೆ ಹಗ್ಗ ಹಿಡಿದ. ಏಳು ವರ್ಷದಲ್ಲಿ ಒಂದು ಸಲವೂ ಭಾವನಿಗೆ ಒಂದು ಗೀರು ಬೀಳಲಿಲ್ಲ. ಹೀಗಿದ್ದೂ ಒಂದು ದಿನ ಹತ್ತು ಜನ ಕೂತಿದ್ದ ಕಡೆ ಜೇನಿನವನು ನಗುತ್ತಾ ಅಂದುಬಿಟ್ಟ: "ಇವನೇನು ಮಹಾ ಮಾಡ್ತಾನೆ? ಕೂತು ಆಕಳಿಸ್ತಾನೆ. ನನ್ನ ಪ್ರಾಣ ನಾನು ಹಾಕಿದ ಗಂಟಲ್ಲಿದೆ."

ಹತ್ತು ಜನ ನಕ್ಕರು. ಬಾಮೈದ ಎದ್ದು ಹೋದ. ಜೇನಿನವನು ಅದನ್ನು ಗಮನಿಸಲಿಲ್ಲ, ಮನೆಗೆ ಬಂದು ಉಂಡು ಮಲಗಿದ.

ಮಾರನೆಯ ದಿನ ಬೆಳಿಗ್ಗೆ ಅವನು ಬಂಡೆಯ ತಲೆಗೆ ಬಂದು ಗಂಟು ಹಾಕಿಕೊಂಡ. ಎಳೆದು ನೋಡಿಕೊಂಡ. ಕಂಬಳಿ ಹೊದ್ದ, ಹೊಗೆಗೆಂದು ಕಟ್ಟಿದ್ದ ಹುಲ್ಲಿನ ಸೂಡಿ ಹೊತ್ತಿಸಿದ. ಹಿಂದೆ ಯಾರೋ ಓಡಿಬಂದ ಸದ್ದಾಯಿತು. ತಿರುಗಿ ಕೂಡ ನೋಡಲಿಲ್ಲ. "ಈಗ ಬಂದ್ಯಾ ದೊರೆ? ಹಿಡ್ಕೋ" ಎಂದು ಹಗ್ಗದ ಸುರುಳಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಎಸೆದವನೇ ಇಳಿದ.

ಹಗ್ಗ ಒಂದು ಗಳಿಗೆ ಸಡಿಲವಾಗಿ ಜಾರಿತು. ಆಮೇಲೆ ಬಿಗಿಯಾಯಿತು. ಅವನು ಕೆಳಗೆ ಹೋದ. ಜೇನುತಟ್ಟಿಯ ಹತ್ತಿರ ಕಾಲೂರಲು ಜಾಗವಿರಲಿಲ್ಲ. ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟು ಜೋತುಬಿದ್ದ. ಹೊಗೆ ಹಿಡಿದ. ಹುಳುಗಳು ಭರ್ರೆಂದು ಎದ್ದು ಹೊಗೆಯ ಮುಂದೆ ಮುಂದೆ ಮೇಲಕ್ಕೆ ಹೋದವು. ಅವನು ತಟ್ಟಿ ಕೊಯ್ಯತೊಡಗಿದ.

ಆಗ ಕೆಳಗಿನ ಹೊಳೆಯ ಕಡೆಯಿಂದ ಯಾರೋ ಚೀರಿದರು.

"ಭಾವಾ! ಹಗ್ಗ ಯಾರು ಹಿಡಿದಿದ್ದಾರೆ ಭಾವಾ?"

ಅವನು ಬಗ್ಗಿ ನೋಡಿದ. ಹೊಳೆಯ ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ, ಗಾಳ ಹಿಡಿದು ಬಾಮೈದ ನಿಂತಿದ್ದ.

ಬಾಮೈದ ಕೆಳಗಿದ್ದಾನೆ. ಹಾಗಾದರೆ ಮೇಲೆ ಯಾರು? ನಿಂಗರಾಜು, ನೀನೇ ಯೋಚನೆ ಮಾಡು. ಕೆಳಗೆ ಇಪ್ಪತ್ತು ಆಳುದ್ದದ ಪ್ರಪಾತ. ಯಾರದೋ ಕೈಯಲ್ಲಿ ಜೀವ ಜೋತಾಡುತ್ತಿದೆ. ಯಾರ ಕೈ ಅಂತ ಗೊತ್ತಿಲ್ಲ. ಜೇನಿನವನ ಕತ್ತಿ ಜಾರಿ ಬಿತ್ತು. "ಯಾರದು ಮೇಲೆ?" ಎಂದು ಕೂಗಿದ. ಉತ್ತರವಿಲ್ಲ. "ಯಾರಪ್ಪಾ ಅದು? ಬಾಯಿ ಬಿಡಿ!" ಉತ್ತರವಿಲ್ಲ. ಹಗ್ಗ ಮಾತ್ರ ನಡುಗುತ್ತಿತ್ತು.

ತನ್ನ ಮೇಲೆ ಹಗೆ ಇದ್ದವರೆಲ್ಲ ಅವನಿಗೆ ನೆನಪಾದರು. ಅಣ್ಣ ನೆನಪಾದ. ಬೇಲಿ ಜಗಳದ ನೆರೆಯವನು ನೆನಪಾದ. ಹತ್ತಿದರೆ ಬಿಡುತ್ತಾರೋ, ನಿಂತರೆ ಬಿಡುತ್ತಾರೋ ತಿಳಿಯದು. ಅಯ್ಯೋ ಎಂದು ಗೋಳಾಡುತ್ತಾ, ಬಂಡೆಯ ಸಂದಿಗಳಿಗೆ ಬೆರಳು ತುರುಕಿ, ಉಗುರು ಕಿತ್ತುಕೊಂಡು, ಗೇಣು ಗೇಣಾಗಿ ಮೇಲೆ ಹತ್ತಿದ. ಕೊನೆಗೆ ಬಂಡೆಯ ಅಂಚಿಗೆ ಎದೆ ಊರಿ ತಲೆ ಎತ್ತಿದ.

ಮೇಲಿದ್ದವಳು ಅವನ ಹೆಂಡತಿ.

ಮೊದಲಿಗೆ ಅವನಿಗೆ ಗುರುತೇ ಸಿಗಲಿಲ್ಲ. ಮುಖದ ತುಂಬ ಹುಳು ಮೆತ್ತಿತ್ತು. ಅವನು ಹೊಗೆ ಹಾಕಿ ಎಬ್ಬಿಸಿದ ಹುಳುಗಳೇ. ಮರ ಇದ್ದದ್ದು ಹತ್ತು ಹೆಜ್ಜೆ ಹಿಂದೆ. ಅಲ್ಲಿಗೆ ಹೋಗಿ ಸುತ್ತಲು ಅವಳಿಗೆ ಸಮಯ ಎಲ್ಲಿತ್ತು? ಹಗ್ಗವನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡಿದ್ದಳು. ಎರಡು ಹಿಮ್ಮಡಿಗಳನ್ನೂ ಒಂದು ಬಿರುಕಿಗೆ ಒತ್ತುಕೊಟ್ಟು ಕೂತಿದ್ದಳು. ಹುಳು ಓಡಿಸಬೇಕಾದರೆ ಒಂದು ಕೈ ಬಿಡಬೇಕು. ಬಿಟ್ಟಿರಲಿಲ್ಲ. ಕೂಗಬೇಕಾದರೆ ಬಾಯಿ ತೆರೆಯಬೇಕು, ತೆರೆದರೆ ಹುಳು ಒಳಗೆ ನುಗ್ಗುತ್ತದೆ. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಹೋಗಿತ್ತು.

ಅವನು ಕಂಬಳಿ ಬೀಸಿ ಹುಳು ಓಡಿಸಿದ. ಅವಳನ್ನು ಕಂಬಳಿಯಲ್ಲಿ ಸುತ್ತಿ ಮರದ ಕೆಳಕ್ಕೆ ಎಳೆದುಕೊಂಡು ಹೋದ. "ನೀನು ಯಾಕೆ ಬಂದೆ ಇಲ್ಲಿಗೆ? ಯಾಕೆ ಬಂದೆಯೇ?" ಎಂದು ಹುಚ್ಚನ ಹಾಗೆ ಕೂಗಿದ.

"ತಮ್ಮ ಮನೇಲಿರಲಿಲ್ಲ" ಎಂದಳು. "ಇಳೀಬೇಡಿ ಅಂತ ಹೇಳೋಕೆ ಓಡಿಬಂದೆ. ಉಸಿರು ಸಿಗೋ ಅಷ್ಟರಲ್ಲಿ ನೀವು ಇಳಿದುಬಿಟ್ರಿ."

ಅದೇ ಅವಳ ಕೊನೆಯ ಮಾತು. ಹೊತ್ತು ನೆತ್ತಿಗೆ ಬರುವ ಮೊದಲೇ ಅವಳ ಉಸಿರು ನಿಂತಿತು. ಬಾಮೈದ ಹೊಳೆಯಿಂದ ಬೆಟ್ಟ ಸುತ್ತಿ ಓಡಿಬರುವಷ್ಟರಲ್ಲಿ ಭಾವ ಅವಳನ್ನು ನೆಲದ ಮೇಲೆ ಮಲಗಿಸಿ, ಮುಖಕ್ಕೆ ಸೆರಗು ಮುಚ್ಚಿದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು.

ನಿಂಗರಾಜುವಿನ ಕಾಫಿ ಲೋಟ ಪಕ್ಕದಲ್ಲೇ ಇತ್ತು, ಮುಟ್ಟಿರಲಿಲ್ಲ. ಅವನಿಗೆ ರೋಷ ಉಕ್ಕಿಬಂತು.

"ಜೇನಿನವನದು ಕೊಬ್ಬು, ಒಪ್ಪಿದೆ. ಆದರೆ ಆ ಬಾಮೈದ ಎಂಥ ಮನುಷ್ಯ ಸರ್? ಬರೋದಿಲ್ಲ ಅಂತ ಒಂದು ಮಾತು ಹೇಳಿ ಕಳಿಸಬಾರದಿತ್ತೇ? ಒಡಹುಟ್ಟಿದ ಅಕ್ಕನ ಗಂಡ ಬಂಡೆ ಇಳಿಯುವ ದಿನ ಹೋಗಿ ಮೀನು ಹಿಡಿಯುತ್ತಾ ನಿಂತನಲ್ಲ, ಅಂಥದ್ದು ಏನಾಗಿತ್ತು ಅವನಿಗೆ?"

ದೊಡ್ಡಮಾದಯ್ಯ ಮೇಷ್ಟ್ರು ನೋಟ್‌ಪುಸ್ತಕವನ್ನು ಮಡಚಿ ಅವನ ಕೈಗೆ ಕೊಟ್ಟರು.

"ನಾನು ಭಾವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಅಷ್ಟೇ."